ಕಾವೇರಿ ಧುಮುಕಿದ್ದು ಶಿವನಸಮುದ್ರದಲ್ಲಿ, ಯಂತ್ರ ತಿರುಗಿದ್ದು ಕೋಲಾರದಲ್ಲಿ

1902ರ ಜೂನ್ 30. ಕೋಲಾರದ ಚಿನ್ನದ ಗಣಿಗಳಲ್ಲಿ ಅಂದು ಯಂತ್ರಗಳು ಹೊಸ ಬಲದಿಂದ ತಿರುಗಿದವು. ಆ ಬಲದ ಮೂಲ ಇದ್ದುದು ಸುಮಾರು 92 ಮೈಲಿ, ಅಂದರೆ 148 ಕಿ.ಮೀ. ದೂರದ ಶಿವನಸಮುದ್ರದಲ್ಲಿ. ವಿದ್ಯುತ್ತನ್ನು ಅಷ್ಟು ದೂರ ಒಯ್ದ ತಂತಿಮಾರ್ಗಗಳು ಆಗ ಜಗತ್ತಿನಲ್ಲೇ ವಿರಳ.

ಅದಕ್ಕೆ ಮೊದಲು ಗಣಿಗಳಿಗೆ ಆಧಾರವಾಗಿದ್ದುದು ಹಬೆ ಯಂತ್ರ. ಅದರ ಹೊಟ್ಟೆಗೆ ಸೌದೆ, ಕಲ್ಲಿದ್ದಲು ಎಷ್ಟಿದ್ದರೂ ಸಾಲದು. ಗಣಿ ಆಳಕ್ಕೆ ಇಳಿದಷ್ಟೂ ನೀರು ಮೇಲೆತ್ತಬೇಕು, ಅದಿರು ಎಳೆಯಬೇಕು, ಕುಟ್ಟಿ ಪುಡಿಮಾಡಬೇಕು. ಕೋಲಾರದ ಬಳಿ ಕಲ್ಲಿದ್ದಲೂ ಇಲ್ಲ, ಧುಮುಕುವ ನದಿಯೂ ಇಲ್ಲ.

ನದಿ ಇದ್ದಲ್ಲೇ ಶಕ್ತಿಯನ್ನು ಹಿಡಿದು, ಬೇಕಾದಲ್ಲಿಗೆ ಕಳುಹಿಸಿದರೆ? ಮೈಸೂರು ಸರ್ಕಾರದ ಎಂಜಿನಿಯರ್ ಎ.ಜೆ. ಡಿ ಲಾಟ್ಬಿನಿಯರ್ ಮುಂದಿಟ್ಟ ಯೋಜನೆಯನ್ನು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದವು. ಆದರೆ ಯೋಜನೆ ಕೈಗೂಡಿದ್ದನ್ನು ನೋಡಲು ಅಯ್ಯರ್ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಶಕ್ತಿಯನ್ನು ಯಾರೂ ಸೃಷ್ಟಿಸುವುದಿಲ್ಲ, ಅದು ರೂಪ ಬದಲಿಸುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಶಿವನಸಮುದ್ರದಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಬೆಟ್ಟದ ಮೇಲಿನ ನೀರಿನಲ್ಲಿ ಅಡಗಿರುವುದು ಪ್ರಚ್ಛನ್ನ ಶಕ್ತಿ. ಕೊಳವೆಯಲ್ಲಿ ನೂರಾರು ಅಡಿ ಕೆಳಗೆ ನುಗ್ಗುವಾಗ ಅದೇ ಚಲನ ಶಕ್ತಿ. ಚಕ್ರಕ್ಕೆ ಬಡಿದು ಅದನ್ನು ತಿರುಗಿಸಿದಾಗ ಯಾಂತ್ರಿಕ ಶಕ್ತಿ. ಚಕ್ರದ ಜೊತೆ ಜನರೇಟರ್ ಸುತ್ತಿದರೆ ವಿದ್ಯುತ್ತು. ಕೋಲಾರದ ಮೋಟಾರಿನಲ್ಲಿ ಅದು ಮತ್ತೆ ಚಲನೆಯಾಗುತ್ತಿತ್ತು. ದಾರಿಯಲ್ಲಿ ಒಂದಿಷ್ಟು ಶಾಖವಾಗಿ ಸೋರಿಹೋಗುವುದು ಅನಿವಾರ್ಯ. ಆ ಸೋರಿಕೆಯನ್ನು ತಗ್ಗಿಸಲೆಂದೇ ವಿದ್ಯುತ್ತಿನ ಒತ್ತಡವನ್ನು ಹತ್ತಾರು ಸಾವಿರ ವೋಲ್ಟ್‌ಗಳಿಗೆ ಏರಿಸಿ ಕಳುಹಿಸಲಾಯಿತು. ಒತ್ತಡ ಹೆಚ್ಚಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಕಡಿಮೆ ವಿದ್ಯುತ್ ಪ್ರವಾಹ ಸಾಕು, ತಂತಿ ಬಿಸಿಯಾಗುವುದೂ ಕಡಿಮೆ.

ಇನ್ನೂ ಹಿಂದಕ್ಕೆ ಹೋದರೆ ಎಲ್ಲದರ ಮೂಲ ಸೂರ್ಯನೇ. ಕಡಲ ನೀರನ್ನು ಆವಿಯಾಗಿಸಿ, ಮುಂಗಾರು ಗಾಳಿ ಬೀಸುವಂತೆ ಮಾಡಿ, ಕೊಡಗಿನ ಬೆಟ್ಟಗಳಲ್ಲಿ ಮಳೆ ಸುರಿಸುವುದು ಅವನ ಬಿಸಿಲು. ಸೌದೆಯಲ್ಲಿರುವುದೂ ಕಲ್ಲಿದ್ದಲಿನಲ್ಲಿರುವುದೂ ಅದೇ ಬಿಸಿಲು. ಒಂದು ಕೆಲವು ವರ್ಷಗಳದ್ದು, ಇನ್ನೊಂದು ಕೋಟ್ಯಂತರ ವರ್ಷಗಳ ಹಿಂದಿನದು. ಹೊಳೆಯ ನೀರಾದರೋ ಪ್ರತಿ ಮಳೆಗಾಲಕ್ಕೂ ಹೊಸದು.

ತೊಡಕೂ ಅಲ್ಲೇ ಇತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು, ಗಣಿಗೆ ಮಾತ್ರ ವರ್ಷವಿಡೀ ವಿದ್ಯುತ್ತು ಬೇಕಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶ ನೀರಾವರಿ ಒಂದೇ ಅಲ್ಲ. ಶಿವನಸಮುದ್ರಕ್ಕೆ ಬೇಸಿಗೆಯ ನೀರು ಒದಗಿಸುವುದೂ ಆಗಿತ್ತು. ಇಂದು ಕಾವೇರಿ ಎಂದೊಡನೆ ಗದ್ದೆಯ ಮಾತಾಡುವವರು ಇದನ್ನು ನೆನೆಯುವುದು ಕಡಿಮೆ.

ವಿದ್ಯುತ್ತು ಮೊದಲು ಹೋದದ್ದು ಚಿನ್ನ ಇದ್ದಲ್ಲಿಗೆ, ಜನರ ಮನೆಗಲ್ಲ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. ನಾಡಿನ ಹಳ್ಳಿಗಳಾದರೋ ಇನ್ನೂ ದಶಕಗಟ್ಟಲೆ ಸೀಮೆಎಣ್ಣೆಯ ಬುಡ್ಡಿಯಲ್ಲೇ ಸಂಜೆ ಕಳೆದವು. ಯಾವ ಗಣಿಗಾಗಿ ಇದೆಲ್ಲ ನಡೆಯಿತೋ ಆ ಕೋಲಾರದ ಗಣಿ 2001ರಲ್ಲಿ ಮುಚ್ಚಿತು.