ಗುಡಿಯಿಂದ ಗ್ವಾಡಿಗೆ: ಎಸ್. ಎಂ. ಪಂಡಿತರ ಚಿತ್ರಗಳು

ಗುಡಿಯ ಹೊಸ್ತಿಲು ತುಳಿಯಗೊಡದ ಕಾಲದಲ್ಲೂ ದೇವರು ನಮ್ಮ ಗುಡಿಸಲಿಗೆ ಬಂದ. ಪೂಜಾರಿ ಕರೆತರಲಿಲ್ಲ, ಅಚ್ಚಿನ ಯಂತ್ರ ತಂತು. ಅಫಜಲಪುರ ಸೀಮೆಯ ಹವಳಗಾದಂಥ ಊರುಗಳಲ್ಲಿ ಗ್ವಾಡಿಗೆ ಮಳಿ ಹೊಡೆದು ಕ್ಯಾಲೆಂಡರ್ ತೂಗುಹಾಕುವ ನಾವು, ಅದನ್ನು ಬರೆದ ಕೈ ಯಾವುದೆಂದು ಕೇಳಿದವರಲ್ಲ. ಅಂಥ ಕೈಗಳಲ್ಲಿ ಬಹು ದೊಡ್ಡದೊಂದು ನಮ್ಮ ಕಲಬುರಗಿಯದೇ.

ಎಸ್. ಎಂ. ಪಂಡಿತರು 1916ರಲ್ಲಿ ನಿಜಾಮನ ಆಳ್ವಿಕೆಯ ಗುಲ್ಬರ್ಗದಲ್ಲಿ, ಕುಶಲಕರ್ಮಿಗಳ ಮನೆತನದಲ್ಲಿ ಹುಟ್ಟಿದರು. ಮದರಾಸಿನಲ್ಲೂ ಆಮೇಲೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲೂ ಕಲಿತರು. ಹೊಟ್ಟೆಪಾಡಿಗೆ ಸಿನಿಮಾ ಪೋಸ್ಟರು ಬರೆದರು. ಬಾಬೂರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳು ಅವರಿಗೆ ಹೆಸರು ತಂದವು. ಮುಂದೆ ಪುರಾಣದ ಚಿತ್ರಗಳು ಕ್ಯಾಲೆಂಡರುಗಳಾಗಿ ದೇಶವೆಲ್ಲ ತಿರುಗಿದವು. 1978ರಲ್ಲಿ ಲಂಡನ್ನಿನಲ್ಲಿ ಅವರ ಪ್ರದರ್ಶನ ನಡೆಯಿತು. 1993ರಲ್ಲಿ ತೀರಿಕೊಂಡರು. ಇಂದು ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು.

ಈ ದಾರಿಯನ್ನು ತೆರೆದವುಗಳಲ್ಲೊಂದು 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸು. ಒಬ್ಬ ಬರೆದ ಒಂದು ಚಿತ್ರ. ಅದರ ಬಣ್ಣಗಳನ್ನು ಬೇರೆಬೇರೆ ಮಾಡಿ, ಒಂದರ ಮೇಲೊಂದು ಒತ್ತಿದರೆ ಸಾವಿರಾರು ಪ್ರತಿ. ಹಾಳೆಗೆ ಮಡಿ ಮೈಲಿಗೆ ಇಲ್ಲ. ಯಾರು ಮುಟ್ಟಿದರೂ ದೇವರು ಕೆಡಲಿಲ್ಲ!

ಆದರೆ ಗೆಳೆಯರೇ, ಇದನ್ನು ಸಮಾನತೆ ಎನ್ನೋಣವೇ? ಕ್ಯಾಲೆಂಡರಿನ ಕೆಳಗೆ ನೋಡಿ. ದೇವರ ಕಾಲಡಿ ಬೀಡಿಯ ಹೆಸರು, ಬಟ್ಟೆ ಅಂಗಡಿಯ ಹೆಸರು. ಗುಡಿಗೆ ನಾವು ಬೇಡವಾದೆವು, ಸಂತೆಗೆ ಬೇಕಾದೆವು. ಅದಕ್ಕೇ ಪುಕ್ಕಟೆ ಬಂದ. ಮತ್ತೆ ಆ ಮೈ ಯಾರದು? ಪೋಸ್ಟರಿನಲ್ಲಿ ಪಳಗಿದ ಪಂಡಿತರ ಕುಂಚ ದೇವರಿಗೂ ಸಿನಿಮಾ ನಟನಟಿಯರ ಮಿರುಗುವ ಮೈ ಕೊಟ್ಟಿತು. ಬಿಸಿಲಿಗೆ ಸುಟ್ಟ ನಮ್ಮವ್ವನ ಮುಖ ಅಲ್ಲಿಲ್ಲ.

ಪಂಡಿತರ ಓರಗೆಯವರೇ ಬಂಗಾಳದ ಚಿತ್ತಪ್ರಸಾದ್, 1915ರಲ್ಲಿ ಹುಟ್ಟಿದವರು. 1943ರ ಬರದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ನಡೆದು ನೋಡಿ, ಹಸಿದವರನ್ನು ಬರೆದರು. ಆ 'ಹಂಗ್ರಿ ಬೆಂಗಾಲ್' ಪುಸ್ತಕವನ್ನು ಬ್ರಿಟಿಷರು ವಶಪಡಿಸಿಕೊಂಡು ಸುಟ್ಟರು. ಅವರ ಲಿನೋ ಅಚ್ಚುಗಳಿಗೆ ದೂರದ ಚೆಕೊಸ್ಲೊವಾಕಿಯದಲ್ಲೂ ಅಭಿಮಾನಿಗಳಿದ್ದರು. ದೇವರ ಚಿತ್ರವನ್ನು ಯಾರೂ ಸುಡಲಿಲ್ಲ, ಹಸಿವಿನ ಚಿತ್ರವನ್ನು ಸುಟ್ಟರು. ಯಾವ ಚಿತ್ರಕ್ಕೆ ಆಳುವವರು ಹೆದರುತ್ತಾರೆಂದು ಬೇರೆ ಹೇಳಬೇಕೇ?

ಪಂಡಿತರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಕುಶಲಕರ್ಮಿಯ ಮಗನೊಬ್ಬ ಕುಂಚದ ಬಲದಿಂದಲೇ ಅಷ್ಟೆತ್ತರ ಏರಿದ್ದು ನಮ್ಮ ನೆಲದ ಹೆಮ್ಮೆ. ಅವರು ನಮ್ಮ ಗ್ವಾಡಿಯವರೆಗೆ ದಾರಿ ಮಾಡಿದರು. ಆ ಗ್ವಾಡಿಯ ಮೇಲೆ ನಮ್ಮ ಮುಖ ಮೂಡಿಸುವ ಕೆಲಸ ಉಳಿದಿದೆ. ಲಿನೋ ಅಚ್ಚಿಗೆ ದೊಡ್ಡ ಯಂತ್ರ ಬೇಡ. ಒಂದು ತುಂಡು ಲಿನೋ, ಒಂದು ಉಳಿ, ಶಾಯಿ, ಹಾಳೆ, ಉಜ್ಜಲು ಒಂದು ಚಮಚ ಸಾಕು. ಹಳ್ಳಿಯ ಮೇಷ್ಟ್ರುಗಳೇ, ಉಳಿಯನ್ನು ಮಕ್ಕಳ ಕೈಗೆ ಕೊಡಿ.