ಮಾಡ್ಯೂಲ್ ಹೆಸರುಗಳ ಸಂಘರ್ಷ (ಜಾಂಗೋ)

ಮಾಡ್ಯೂಲ್ ಹೆಸರುಗಳ ಸಂಘರ್ಷ ಎಂದರೆ ಒಂದು ತಂತ್ರಾಂಶದಲ್ಲಿ ಎರಡು ಬೇರೆ ಬೇರೆ ಮಾಡ್ಯೂಲ್‌ಗಳಿಗೆ ಒಂದೇ ಹೆಸರಿರುವುದರಿಂದ ಉಂಟಾಗುವ ದೋಷ. ಪೈಥಾನ್ ಭಾಷೆಯಲ್ಲಿ ರಚಿತವಾಗಿ 2005ರಲ್ಲಿ ಬಿಡುಗಡೆಯಾದ ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಇದು ಮುಖ್ಯವಾಗಿ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಕಡತದ ಹೆಸರಿನ ಸಂಘರ್ಷ

ಪೈಥಾನ್ ಮಾಡ್ಯೂಲನ್ನು ಹುಡುಕುವಾಗ ಫೋಲ್ಡರ್‌ಗಳ ಒಂದು ಪಟ್ಟಿಯನ್ನು ಅನುಕ್ರಮವಾಗಿ ನೋಡಿ, ಮೊದಲು ದೊರೆತದ್ದನ್ನೇ ಸ್ವೀಕರಿಸುತ್ತದೆ. ಚಾಲನೆಗೊಂಡ ಕಡತವಿರುವ ಫೋಲ್ಡರ್ ಸಾಮಾನ್ಯವಾಗಿ ಈ ಪಟ್ಟಿಯ ಮೊದಲಲ್ಲಿರುತ್ತದೆ. ಆದುದರಿಂದ ಅಲ್ಲಿ ‘ಕ್ಯಾಲೆಂಡರ್’ ಎಂಬ ಹೆಸರಿನ ಸ್ವಂತ ಕಡತವಿದ್ದರೆ, ಪೈಥಾನಿನೊಂದಿಗೇ ಬರುವ ಅದೇ ಹೆಸರಿನ ಮಾಡ್ಯೂಲ್ ಮರೆಯಾಗುತ್ತದೆ. ಆಗ ಕೇಳಿದ ಅಂಶವು ಮಾಡ್ಯೂಲಿನಲ್ಲಿ ಇಲ್ಲವೆಂಬ ದೋಷಸಂದೇಶ ಬರುತ್ತದೆ.

ಲೇಬಲ್ ಸಂಘರ್ಷ

ಜಾಂಗೋದಲ್ಲಿ ಪ್ರತಿಯೊಂದು ಆ್ಯಪ್‌ಗೆ ಒಂದು ಲೇಬಲ್ ಇರುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಆ್ಯಪ್‌ನ ಪೂರ್ಣ ಹೆಸರಿನ ಕೊನೆಯ ಭಾಗವೇ ಲೇಬಲ್ ಆಗುತ್ತದೆ. ಉದಾಹರಣೆಗೆ, ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಮಾಹಿತಿಗಾಗಿ ಒಂದು ಜಾಲತಾಣವನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ ‘ದಾಂಡೇಲಿ.ಪ್ರವಾಸ’ ಮತ್ತು ‘ಜೋಯಿಡಾ.ಪ್ರವಾಸ’ ಎಂಬ ಎರಡು ಆ್ಯಪ್‌ಗಳಿದ್ದರೆ, ಪೂರ್ಣ ಹೆಸರುಗಳು ಬೇರೆಯಾದರೂ ಎರಡರ ಲೇಬಲ್ ‘ಪ್ರವಾಸ’ ಎಂದೇ ಆಗುತ್ತದೆ. ಲೇಬಲ್ ಪುನರಾವರ್ತನೆಯಾಗಿದೆಯೆಂದು ತಿಳಿಸಿ ಜಾಂಗೋ ಪ್ರಾರಂಭದಲ್ಲಿಯೇ ನಿಲ್ಲುತ್ತದೆ.

ಪತ್ತೆ ಮತ್ತು ಪರಿಹಾರ

* ಮಾಡ್ಯೂಲಿನ ‘ಫೈಲ್’ ಗುಣವನ್ನು (ಹೆಸರಿನ ಎರಡೂ ಬದಿಗೆ ಎರಡೆರಡು ಅಡಿಗೆರೆಗಳಿರುತ್ತವೆ) ಮುದ್ರಿಸಿ ನೋಡಿದರೆ, ಅದು ಯಾವ ಕಡತದಿಂದ ಬಂದಿದೆಯೆಂಬುದು ತಿಳಿಯುತ್ತದೆ.
* ಅದು ಸ್ವಂತ ಕಡತವಾಗಿದ್ದರೆ ಅದರ ಹೆಸರನ್ನು ಬದಲಿಸಿ, ಅದನ್ನು ಆಮದು ಮಾಡಿಕೊಂಡಿರುವ ಸಾಲುಗಳನ್ನೂ ತಿದ್ದಬೇಕು.
* ಲೇಬಲ್ ಸಂಘರ್ಷವಿದ್ದರೆ, ಒಂದು ಆ್ಯಪ್‌ನ ಆ್ಯಪ್‌ಕಾನ್ಫಿಗ್ ವರ್ಗದಲ್ಲಿ ‘ಜೋಯಿಡಾ_ಪ್ರವಾಸ’ ಎಂಬಂತಹ ಪ್ರತ್ಯೇಕ ಲೇಬಲ್ ನೀಡಬೇಕು. ಈ ಸೌಲಭ್ಯವು 2014ರಲ್ಲಿ ಬಂದ 1.7ನೆಯ ಆವೃತ್ತಿಯಿಂದ ಲಭ್ಯವಿದೆ.

ಎಚ್ಚರಿಕೆ

ದತ್ತಸಂಚಯದ ಕೋಷ್ಟಕಗಳ ಹೆಸರುಗಳು ಸಾಮಾನ್ಯವಾಗಿ ಲೇಬಲ್‌ನಿಂದಲೇ ಆರಂಭವಾಗುತ್ತವೆ. ಮೈಗ್ರೇಶನ್ ದಾಖಲೆಗಳೂ ಅದನ್ನೇ ಅವಲಂಬಿಸಿವೆ. ಬಳಕೆಯಲ್ಲಿರುವ ಆ್ಯಪ್‌ನ ಲೇಬಲನ್ನು ಬದಲಿಸಿದರೆ ಜಾಂಗೋ ಅದನ್ನು ಹೊಸ ಆ್ಯಪ್ ಎಂದೇ ಭಾವಿಸುತ್ತದೆ. ಹಳೆಯ ಮಾಹಿತಿ ಹಳೆಯ ಕೋಷ್ಟಕದಲ್ಲಿ ಉಳಿದಿದ್ದರೂ ಜಾಲತಾಣದಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಇನ್ನೂ ಮಾಹಿತಿ ಸೇರಿರದ ಆ್ಯಪ್‌ಗೆ ಹೊಸ ಲೇಬಲ್ ನೀಡುವುದು ಸುರಕ್ಷಿತ. ಎರಡರಲ್ಲಿಯೂ ಮಾಹಿತಿ ಇದ್ದಲ್ಲಿ, ಮೊದಲು ದತ್ತಸಂಚಯದ ಪ್ರತಿಯನ್ನು ತೆಗೆದಿರಿಸಿ, ಅನಂತರ ಕೋಷ್ಟಕಗಳ ಹೆಸರು ಹಾಗೂ ಮೈಗ್ರೇಶನ್ ದಾಖಲೆಗಳನ್ನು ಹೊಸ ಲೇಬಲ್‌ಗೆ ಹೊಂದಿಸಬೇಕಾಗುತ್ತದೆ.