ಕಲ್ನಾರಿನ ಕಡತ

ನೆಲ್ಲಿ ಕೆರ್ಷಾ ಎಂಬ ಹೆಣ್ಣುಮಗಳು 1924ರ ಮಾರ್ಚ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ತೀರಿಕೊಂಡಳು. ವಯಸ್ಸು 33. ಟರ್ನರ್ ಬ್ರದರ್ಸ್ ಕಾರಖಾನೆಯಲ್ಲಿ ಆಸ್ಬೆಸ್ಟಾಸ್, ಎಂದರೆ ಕಲ್ನಾರಿನ ನೂಲು ತೆಗೆಯುತ್ತಿದ್ದವಳು. ಎರಡು ವರ್ಷಗಳ ಹಿಂದೆ ಮೈಯಲ್ಲಿ ತ್ರಾಣವಿಲ್ಲದೆ ಕೆಲಸ ಬಿಟ್ಟಾಗ, ಕಾಯಿಲೆ ಕಲ್ನಾರಿನಿಂದಲೇ ಬಂದದ್ದೆಂದು ವೈದ್ಯರು ಬರೆದುಕೊಟ್ಟಿದ್ದರು. ಆ ಚೀಟಿಯೇ ಅವಳಿಗೆ ಮುಳುವಾಯಿತು. ಕಸುಬಿನಿಂದ ಬಂದ ರೋಗವಾದ್ದರಿಂದ ಮಾಲೀಕರನ್ನೇ ಕೇಳಬೇಕೆಂದಿತು ಆರೋಗ್ಯವಿಮೆಯ ಸಂಘ. ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಇಂಥ ರೋಗವೇ ಇಲ್ಲವೆಂದಿತು ಕಂಪನಿ. ಅಂತ್ಯಸಂಸ್ಕಾರದ ಖರ್ಚಿಗೂ ಅದು ಕೈ ಬಿಚ್ಚಲಿಲ್ಲ. ಕೊಟ್ಟರೆ ಹೊಣೆ ಒಪ್ಪಿಕೊಂಡಂತಾಗುವುದಲ್ಲ!

ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದರು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಸರ್ಕಾರಕ್ಕೆ ಸಲ್ಲಿಸಿದ ವರದಿ, ಪರೀಕ್ಷಿಸಿದ 363 ಕಾರ್ಮಿಕರಲ್ಲಿ 95 ಜನರಿಗೆ ಈ ರೋಗವಿದೆಯೆಂದು ಹೇಳಿತು. ಮರುವರ್ಷ ನಿಯಮಗಳು ಬಂದವು, ಪರಿಹಾರದ ದಾರಿಯೂ ತೆರೆಯಿತು. ನೆಲ್ಲಿಯ ಪಾಲಿಗೆ ಏಳು ವರ್ಷ ತಡವಾಗಿ.

ಇದೇ ಟರ್ನರ್ ಬಳಗದ ಕಾರಖಾನೆಯೊಂದು ಮುಂದೆ ನಮ್ಮ ಮುಂಬಯಿಯ ಘಾಟ್ಕೋಪರಿಗೂ ಬಂತು, ಹಿಂದುಸ್ತಾನ್ ಫೆರೋಡೊ ಎಂಬ ಹೆಸರಿನಲ್ಲಿ. ಅಷ್ಟು ಹೊತ್ತಿಗೆ ರೋಗ ಹೊಸದಾಗಿರಲಿಲ್ಲ. ಭಾರತದ 1923ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಗೂ ಕಾಲಾನಂತರ ಅದರ ಹೆಸರು ಸೇರಿತು. ತೊಡಕಿದ್ದುದು ಬೇರೆಡೆ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ತೋರಿದರೆ ಮಾತ್ರ, ಅವು ಕಂಡ ದಿನವನ್ನೇ ಅಪಘಾತದ ದಿನವೆಂದು ಎಣಿಸಲು ಆ ಕಾಯಿದೆಯ ಹತ್ತನೆಯ ಪ್ರಕರಣ ಅವಕಾಶ ಕೊಟ್ಟಿತ್ತು. ಕಲ್ನಾರಿನ ರೋಗವಾದರೋ ಇಪ್ಪತ್ತು, ಮೂವತ್ತು ವರ್ಷ ಎದೆಯಲ್ಲಿ ಸದ್ದಿಲ್ಲದೆ ಕೂತಿರಬಲ್ಲದು.

ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವು ಹೂಡಿದ್ದ ಮೊಕದ್ದಮೆಯಲ್ಲಿ 1995ರ ಜನವರಿ 27ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದಿತು. ಗುಜರಾತಿನ ಕಾರ್ಮಿಕರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮರುಪರೀಕ್ಷಿಸಬೇಕು, ರೋಗ ಖಚಿತವಾದರೆ ಮೂರು ತಿಂಗಳೊಳಗೆ ತಲಾ ಒಂದು ಲಕ್ಷ ರೂಪಾಯಿ ಸಲ್ಲಬೇಕು ಎಂದಿತು. ಪತ್ರಿಕೆಗಳಿಗೆ ಒದಗುವುದು ಈ ಒಂದು ಲಕ್ಷವೇ. ನನಗೆ ಹೆಚ್ಚು ತೂಕದ್ದೆನಿಸುವುದು, ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಆದೇಶ: ಪ್ರತಿ ಕಾರ್ಮಿಕನ ಆರೋಗ್ಯ ಕಡತವನ್ನು ಸೇವೆಯ ಆರಂಭದಿಂದ 40 ವರ್ಷ, ಇಲ್ಲವೇ ನಿವೃತ್ತಿಯ ಬಳಿಕ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾರಖಾನೆ ಕಾಪಾಡಬೇಕು. ರೋಗದ ಆಯುಷ್ಯವನ್ನು ಅಳೆದು ಕಾಗದಕ್ಕೆ ಆಯುಷ್ಯ ಕೊಟ್ಟ ಆದೇಶವಿದು.

ಆದರೆ ಕಡತವಿರಬೇಕಾದರೆ ಮೊದಲು ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಗುತ್ತಿಗೆದಾರನ ಕೈಕೆಳಗೆ ಹಡಗು ಒಡೆಯುವ ಅಂಗಳದಲ್ಲಿಯೋ, ಹಳೆಯ ಕಟ್ಟಡದ ಮೇಲೆಯೋ ಕಲ್ನಾರಿನ ಹಾಳೆ ಕಿತ್ತು, ದಿನಗೂಲಿ ಎಣಿಸಿಕೊಂಡು ಊರಿಗೆ ಹೊರಟವನು ಮೂವತ್ತು ವರ್ಷದ ಮೇಲೆ ಕೆಮ್ಮುತ್ತ ಬಂದಾಗ, ಅವನ ಎದೆಯ ಕ್ಷಕಿರಣ ಚಿತ್ರ ರೋಗವನ್ನು ತೋರಿಸೀತು. ಯಾವ ಮಾಲೀಕನನ್ನು ಕೇಳಬೇಕೆಂಬುದನ್ನು ತೋರಿಸಲಾರದು.